ಬಂಡೂರು ಕುರಿಯ ಹೆಸರಿನಲ್ಲಿ ನಡೆಯುತ್ತಿರುವ ಮೋಸ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರು ಹೊತ್ತ ಕುರಿ ತಳಿಯನ್ನು ಸಾಕಲು ಬಯಸುವವರು ಬಹಳ ಮಂದಿ ಇದ್ದಾರೆ. ಗಿಡ್ಡ ಕಾಲು, ತುಂಬಿದ ಮೈ, ಸಾಧು ಸ್ವಭಾವದ ಈ ಕುರಿ ಮನೆಯ ಹಿತ್ತಿಲಿಗೂ ಒಗ್ಗುತ್ತದೆ, ಮಕ್ಕಳ ಕೈಯಿಂದಲೂ ಸೊಪ್ಪು ತಿನ್ನುತ್ತದೆ. ಈ ಆಸೆಯನ್ನೇ ಬಂಡವಾಳ ಮಾಡಿಕೊಂಡ ಮಧ್ಯವರ್ತಿಯೊಬ್ಬನಿಂದ ನಮ್ಮ ಕುಟುಂಬಕ್ಕಾದ ನಷ್ಟ ಇನ್ನೊಂದು ಮನೆಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಮೊಬೈಲಿನಲ್ಲಿ ಕುರಿಗಳ ವಿಡಿಯೊ ತೋರಿಸಿ, ಮುಂಗಡ ಪಡೆದು, ಮುಂದೆ ಹುಟ್ಟುವ ಮರಿಗಳನ್ನೆಲ್ಲ ತಾನೇ ಹೆಚ್ಚಿನ ಬೆಲೆಗೆ ಕೊಳ್ಳುವುದಾಗಿ ಛಾಪಾ ಕಾಗದದಲ್ಲಿ ಬರೆದುಕೊಟ್ಟ ಆತ, ಕತ್ತಲಾದ ಮೇಲೆ ವಾಹನದಲ್ಲಿ ಮರಿಗಳನ್ನು ತಂದು ಇಳಿಸಿ ಹೋದ. ಎಳೆಯ ವಯಸ್ಸಿನಲ್ಲಿ ಬೆರಕೆ ಮರಿಗೂ ಶುದ್ಧ ತಳಿಯ ಮರಿಗೂ ಇರುವ ವ್ಯತ್ಯಾಸ ಸುಲಭವಾಗಿ ಗೊತ್ತಾಗುವುದಿಲ್ಲ. ಬೆಳೆಯುತ್ತ ಹೋದಂತೆ ಕಾಲು ಉದ್ದವಾಗಿ, ಬೆನ್ನು ಕಿರಿದಾಗಿ, ನಿಜ ಬಯಲಾಯಿತು. ಆ ಹೊತ್ತಿಗೆ ಆತನ ಫೋನ್ ಸ್ಥಗಿತವಾಗಿತ್ತು, ಕರಾರಿನಲ್ಲಿದ್ದ ವಿಳಾಸದ ಬಾಡಿಗೆ ಮನೆಯೂ ಖಾಲಿಯಾಗಿತ್ತು.

ಹಣಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಬೇರೆಯೇ ಇದೆ. ಬೇರೆ ಬೇರೆ ಸಂತೆಗಳಿಂದ ಕೂಡಿಹಾಕಿ ತಂದ ಆ ಮರಿಗಳಲ್ಲಿ ವಾರದೊಳಗೆ ಜ್ವರ, ಮೂಗಿನ ಸೋರಿಕೆ, ಬಾಯಿಹುಣ್ಣು, ಭೇದಿ ಒಂದರ ಹಿಂದೊಂದು ಕಾಣಿಸಿಕೊಂಡವು. ಪಶುವೈದ್ಯರು ಅದನ್ನು ಪಿ.ಪಿ.ಆರ್. (ಕುರಿ, ಮೇಕೆಗಳಲ್ಲಿ ಬೇಗ ಹರಡುವ ವೈರಸ್ ರೋಗ) ಎಂದು ಗುರುತಿಸುವಷ್ಟರಲ್ಲಿ, ಅಮ್ಮ ಎಷ್ಟೋ ವರ್ಷಗಳಿಂದ ಹೆಸರಿಟ್ಟು ಸಾಕಿಕೊಂಡು ಬಂದಿದ್ದ ನಾಟಿ ಕುರಿಗಳಿಗೂ ರೋಗ ತಗುಲಿ ಕೆಲವು ಸತ್ತುಹೋದವು. ಸತ್ತ ತಾಯಿಗಳ ಮರಿಗಳಿಗೆ ಅಮ್ಮ ಬಾಟಲಿಯಲ್ಲಿ ಹಾಲು ಕುಡಿಸಿದರೂ ಎಲ್ಲವೂ ಉಳಿಯಲಿಲ್ಲ.

ಆದ್ದರಿಂದ ಕೊಳ್ಳುವವರು ವಿಡಿಯೊ ನಂಬಿ ಮುಂಗಡ ಕೊಡಬೇಡಿ. ಸಾಕಿದವರ ದೊಡ್ಡಿಗೇ ಹಗಲಿನಲ್ಲಿ ಹೋಗಿ, ಮರಿಯ ತಾಯಿಯನ್ನೂ ಬೀಜದ ಟಗರನ್ನೂ ಕಣ್ಣಾರೆ ನೋಡಿ. ಬೆಳೆದ ಬಂಡೂರು ಕುರಿಯನ್ನು ಹಿಂದಿನಿಂದ ನೋಡಿದರೆ ತೊಡೆಗಳು ತುಂಬಿಕೊಂಡು ತಲೆಕೆಳಗಾದ ಲಾಳದಂತೆ ಕಾಣುತ್ತವೆ. ಕಿವಿ ಜೋತುಬಿದ್ದಿರುತ್ತದೆ, ಗಂಡಿಗೂ ಹೆಣ್ಣಿಗೂ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಟಗರು ಸುಮಾರು 35 ಕೆ.ಜಿ., ಹೆಣ್ಣು ಕುರಿ ಸುಮಾರು 25 ಕೆ.ಜಿ. ತೂಗುವ ಈ ಚಿಕ್ಕ ತಳಿಯನ್ನು ದೈತ್ಯ ಗಾತ್ರಕ್ಕೆ ಬೆಳೆಯುತ್ತದೆಂದು ಹೊಗಳುವವರ ಮಾತಿನಲ್ಲಿಯೇ ಅನುಮಾನಕ್ಕೆ ಎಡೆಯಿದೆ. ಎಲ್ಲಿಂದ ತಂದರೂ ಹೊಸ ಕುರಿಗಳನ್ನು ಕನಿಷ್ಠ 21 ದಿನ ಹಳೆಯವುಗಳಿಂದ ದೂರವಿಟ್ಟು, ನೀರಿನ ತೊಟ್ಟಿಯನ್ನೂ ಬೇರೆಯಾಗಿಯೇ ಇಡಿ. ಮನೆಯ ಕುರಿಗಳಿಗೆ ಪಿ.ಪಿ.ಆರ್. ಲಸಿಕೆ ಮೊದಲೇ ಹಾಕಿಸಿ. ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ಇರುತ್ತದೆ.

ಮರಿಗಳನ್ನು ಮರಳಿ ಕೊಳ್ಳುವ ಕರಾರಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮಾರುಕಟ್ಟೆಗಿಂತ ಹೆಚ್ಚಿನ ಬೆಲೆ ತೆತ್ತು ಕೊಳ್ಳುವಂತೆ ನಮ್ಮನ್ನು ಒಪ್ಪಿಸಿದ್ದು ಆ ಒಂದು ಹಾಳೆಯೇ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಿದೆ. ನಮಗೆ ತೋರಿಸಿದ್ದ ಅದೇ ವಿಡಿಯೊ ಈಗ ಬೇರೊಂದು ಹೆಸರಿನಲ್ಲಿ, ಬೇರೊಂದು ಫೋನ್ ಸಂಖ್ಯೆಯೊಂದಿಗೆ ಹರಿದಾಡುತ್ತಿದೆ.