ಬಾಯಾರಿಕೆ ಹೋಯಿತು, ಶುಗರ್ ಹೋಗಲಿಲ್ಲ: ಕಷಾಯದ ಪುಡಿ ಕುಡಿಸುವ ಮುಂಚೆ ಓದಿ

ಶುಗರ್ ಇರುವವರ ಬಾಯಿ ಒಣಗುವುದಕ್ಕೆ, ಚರ್ಮ ಬಿರಿಯುವುದಕ್ಕೆ ಯಾರಾದರೂ ಗಿಡಮೂಲಿಕೆ ಕಷಾಯ ಕೊಟ್ಟಿದ್ದರೆ ದಯವಿಟ್ಟು ಇದನ್ನು ಓದಿ, ಆಮೇಲೆ ಕುಡಿಸಿ. ನಮ್ಮ ದೊಡ್ಡಪ್ಪ ಅಂಥದ್ದನ್ನು ಕುಡಿದು ಐಸಿಯು ಸೇರಿದ್ದರು. ಕಷಾಯ ಹೇಳಿದ ಕೆಲಸ ಮಾಡಿತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಅವರಿಗೆ ಹಳೇ ಶುಗರ್. ರಾತ್ರಿ ಪದೇ ಪದೇ ಏಳುವುದು, ಎದ್ದಾಗಲೆಲ್ಲ ನೀರು, ಮೊಣಕಾಲಿನಿಂದ ಕೆಳಗೆ ಬೂದಿ ಬಳಿದಂಥ ಚರ್ಮ. ಪರಿಚಯದವರ ಮಾತು ಕೇಳಿ ನಾಟಿ ಔಷಧಿ ಕೊಡುವವರೊಬ್ಬರ ಹತ್ತಿರ ಹೋದರು. ಸಿಕ್ಕಿದ್ದು ಕಷಾಯದ ಪುಡಿ, ಕಾಲಿಗೆ ಎಣ್ಣೆ, ಜೊತೆಗೆ “ಎರಡೂ ಕೂಡಿದರೆ ಕಿಡ್ನಿಗೆ ಹೊಡೆತ, ಸದ್ಯಕ್ಕೆ ಇಂಗ್ಲಿಷ್ ಮಾತ್ರೆ ಬಿಡಿ” ಅನ್ನುವ ಉಪದೇಶ.

ಸ್ವಲ್ಪ ದಿನದಲ್ಲೇ ಆರಾಮ ಅನಿಸಿತು. ಕಷಾಯದಲ್ಲಿ ಜೇಷ್ಠಮಧು ಇದ್ದದ್ದು ಆ ಸಿಹಿಯಲ್ಲೇ ಗೊತ್ತಾಗುತ್ತಿತ್ತು. ಬಾಯಲ್ಲಿ ಜೊಲ್ಲೂರಿ ಗಂಟಲು ತಂಪಾಗುತ್ತದೆ. “ಪಕ್ಕದಲ್ಲಿ ಚೊಂಬು ಇಟ್ಕೊಂಡು ಮಲಗೋದು ತಪ್ಪಿತು ನೋಡು” ಎಂದು ದೊಡ್ಡಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಎಣ್ಣೆ ಹಚ್ಚಿದ ಕಾಲು ನುಣುಪಾಗಿತ್ತು. ಮೂತ್ರಕ್ಕೆ ಏಳುವುದು ಮಾತ್ರ ಮೊದಲಿನಷ್ಟೇ ಇತ್ತು, ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದರು.

ಆಮೇಲೊಂದು ದಿನ ಬೆಳಿಗ್ಗೆಯಿಂದಲೇ ಮಂಪರು. ಮಾತು ತೊದಲುತ್ತಿತ್ತು, ದೊಡ್ಡಮ್ಮನನ್ನೇ ಯಾರು ಅಂತ ಕೇಳಿದರು. ಅಣ್ಣ ಗ್ಲುಕೋಮೀಟರ್ ಹುಡುಕಿ ಬೆರಳು ಚುಚ್ಚಿದ. ಅಂಕಿಯೇ ಬರಲಿಲ್ಲ, ಪರದೆಯ ಮೇಲೆ ಎಚ್ ಮತ್ತು ಐ ಎಂಬ ಎರಡು ಅಕ್ಷರ. ಮೀಟರ್ ಕೆಟ್ಟಿರಬೇಕು ಎಂದು ಸ್ಟ್ರಿಪ್ ಬದಲಿಸಿದ, ಮತ್ತೆ ಅದೇ. ಎಷ್ಟೋ ಮನೆಗಳಲ್ಲಿ ಇದು ಗೊತ್ತಿರುವುದಿಲ್ಲ: ಶುಗರ್ 600 ದಾಟಿದರೆ ಹೆಚ್ಚಿನ ಮೀಟರ್‌ಗಳು ಅಂಕಿಯ ಬದಲು ಆ ಎರಡು ಅಕ್ಷರ ತೋರಿಸುತ್ತವೆ. ಹಾಗೆ ಬಂದು ಮನುಷ್ಯ ಮಂಕಾಗಿದ್ದರೆ ಸ್ಟ್ರಿಪ್ ಬದಲಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಅಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ರಕ್ತದಲ್ಲಿ ಸಕ್ಕರೆ ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಕಿಡ್ನಿಗೆ ಅದನ್ನು ಪೂರ್ತಿ ತಡೆಹಿಡಿಯಲು ಆಗುವುದಿಲ್ಲ, ಮೂತ್ರಕ್ಕೆ ಇಳಿಯುತ್ತದೆ, ಇಳಿಯುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆ ನೀರು ತುಂಬಿಕೊಳ್ಳಲೆಂದೇ ಬಾಯಾರಿಕೆ. ಕಷಾಯದಿಂದ ಬಾಯಿ ಒದ್ದೆಯಾಯಿತು ಅಷ್ಟೇ, ಮೈಯ ನೀರು ಸೋರುತ್ತಲೇ ಇತ್ತು. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಮಾತ್ರೆ ನಿಂತಿತ್ತು, ನೀರು ಕುಡಿಯುವುದೂ ನಿಂತಿತು, ಕೊನೆಗೆ ಮಿದುಳಿಗೇ ತಟ್ಟಿತು. ಜೇಷ್ಠಮಧುವನ್ನು ಹೆಚ್ಚು ಕಾಲ ತೆಗೆದುಕೊಂಡರೆ ಬಿಪಿ ಏರುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ ಅನ್ನುವುದೂ ಆಗಲೇ ತಿಳಿದದ್ದು.

ಕಾಲಿನದು ಬೇರೆಯೇ ಕಥೆ. ನರ್ಸ್ ಎಣ್ಣೆ ಒರೆಸಿದಾಗ ಎಡ ಹಿಮ್ಮಡಿಯಲ್ಲಿ ಉದ್ದದ ಬಿರುಕು ಕಾಣಿಸಿತು, ಅಂಚು ಗಟ್ಟಿ, ಒಳಗೆ ಕೀವು. ದೊಡ್ಡಪ್ಪನಿಗೆ ನೋವೇ ಇರಲಿಲ್ಲ. ಶುಗರ್‌ನಿಂದ ನರ ಹಾಳಾದರೆ ಪಾದ ಬೆವರುವುದು ಕಡಿಮೆಯಾಗಿ ಚರ್ಮ ಒಣಗುತ್ತದೆ, ಜೊತೆಗೆ ಸ್ಪರ್ಶವೂ ಹೋಗುತ್ತದೆ. ಒಣ ಚರ್ಮಕ್ಕೆ ಹಚ್ಚುವ ಕ್ರೀಮನ್ನು ಡಾಕ್ಟರೇ ಬರೆದುಕೊಟ್ಟರು, ಬೆರಳ ಸಂದಿಗೆ ಮಾತ್ರ ಬೇಡ ಎಂದರು. ಹಚ್ಚುವ ಮೊದಲು ಅಂಗಾಲು ನೋಡಬೇಕು. ಅವರಿಗೆ ಬಗ್ಗಲು ಆಗದಿದ್ದರೆ ಮನೆಯವರು ನೋಡಬೇಕು.

ಇನ್ನೊಂದು ಬಗೆಯ ಪುಡಿ ಇದಕ್ಕೆ ತದ್ವಿರುದ್ಧ. ಅದನ್ನು ತೆಗೆದುಕೊಂಡರೆ ಶುಗರ್ ದಡದಡ ಇಳಿಯುತ್ತದೆ, ಜನ ಪವಾಡ ಅನ್ನುತ್ತಾರೆ. ‘ಶುದ್ಧ ಗಿಡಮೂಲಿಕೆ’ ಎಂದು ಮಾರಿದ್ದರಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಔಷಧಿಯನ್ನೇ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ. ಅಪಾಯಕಾರಿ ಎಂದು 1970ರ ದಶಕದಲ್ಲೇ ಅಮೆರಿಕ ಕೈಬಿಟ್ಟ ಫೆನ್‌ಫಾರ್ಮಿನ್ ಕೂಡ ಸಿಕ್ಕಿದೆ. ಗ್ಲಿಬೆನ್‌ಕ್ಲಮೈಡ್ ಬೆರೆಸಿದ ಪುಡಿಯ ಜೊತೆ ತಮ್ಮ ಮಾತ್ರೆಯನ್ನೂ ನುಂಗಿದವರಿಗೆ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಬೆವರು, ನಡುಕ, ತಲೆಸುತ್ತು. ಸಕ್ಕರೆ ತಿನ್ನಿಸಿ ಎದ್ದು ಕೂತರು ಎಂದು ಸುಮ್ಮನಾಗಬೇಡಿ, ಗ್ಲಿಬೆನ್‌ಕ್ಲಮೈಡ್ ಪರಿಣಾಮ ಗಂಟೆಗಟ್ಟಲೆ ಇರುತ್ತದೆ, ಶುಗರ್ ಮತ್ತೆ ಬೀಳಬಹುದು.

ಗಿಡಮೂಲಿಕೆ ಎಲ್ಲ ಮೋಸ ಅನ್ನುವ ಗುಂಪಿನವಳಲ್ಲ ನಾನು. ದೊಡ್ಡಪ್ಪ ಬಿಟ್ಟ ಮಾತ್ರೆ ಮೆಟ್‌ಫಾರ್ಮಿನ್, ಅದರ ಬೇರು ಹಿಡಿದು ಹೋದರೆ ಸಿಗುವುದೂ ಗಲೇಗ ಎಂಬ ಒಂದು ಗಿಡವೇ! ವ್ಯತ್ಯಾಸ ಏನೆಂದರೆ ಮಾತ್ರೆಯಲ್ಲಿ ಏನಿದೆ, ಎಷ್ಟಿದೆ ಎಂದು ಚೀಟಿ ಹೇಳುತ್ತದೆ. ನಮಗೆ ಕೊಟ್ಟಿದ್ದು ಪಿನ್ ಹೊಡೆದ ಪ್ಲಾಸ್ಟಿಕ್ ಕವರ್, ಮೇಲೆ ಪೆನ್ನಲ್ಲಿ ‘ಬೆಳಿಗ್ಗೆ, ರಾತ್ರಿ’ ಅಂತ ಬರೆದದ್ದು ಬಿಟ್ಟರೆ ಏನೂ ಇಲ್ಲ. ಅಣ್ಣ ಫೋನ್ ಮಾಡಿ ಒಳಗೆ ಏನೇನು ಹಾಕಿದ್ದೀರಿ ಎಂದು ಕೇಳಿದ್ದಕ್ಕೆ “ಪಥ್ಯ ಸರಿಯಾಗಿ ಮಾಡಿರಲ್ಲ ಅವರು” ಎಂದು ಕಟ್ ಮಾಡಿದರು.

ಇಷ್ಟಾದರೂ ಕುಡಿಸುತ್ತೇವೆ ಅನ್ನುವವರು ಹಳೇ ಮಾತ್ರೆ ನಿಲ್ಲಿಸಬೇಡಿ, ಕಷಾಯದ ವಿಷಯ ಡಾಕ್ಟರಿಗೆ ಹೇಳಿ. ಬಾಯಾರಿಕೆ ಇದ್ದಕ್ಕಿದ್ದಂತೆ ಕಡಿಮೆಯಾಯಿತು ಎಂದರೆ ಅವತ್ತೇ ಬೆರಳು ಚುಚ್ಚಿ ನೋಡಿ. ಪೊಟ್ಟಣ ಖಾಲಿಯಾಗಿದ್ದರೂ ಎಸೆಯಬೇಡಿ, ಆಸ್ಪತ್ರೆಗೆ ಹೋಗುವ ಹಾಗಾದರೆ ತಳದಲ್ಲಿ ಉಳಿದ ಪುಡಿಯ ಸಮೇತ ಅದನ್ನೂ ಒಯ್ಯಿರಿ.