ಪೈಥಾನ್‌ನಲ್ಲಿ ಎಲ್ಲ ಕೋರ್‌ಗಳನ್ನೂ ದುಡಿಸೋಕೆ: ಪೂಲ್, ಎಕ್ಸಿಕ್ಯೂಟರ್, ಜಾಬ್‌ಲಿಬ್, ಎಕ್ಸ್‌ಆರ್ಗ್ಸ್

ಕೆಲಸ ಇಷ್ಟೇ: ಒಂದು ಫೋಲ್ಡರ್ ತುಂಬ ಜಿಜಿಪ್‌ನಲ್ಲಿ ಕುಗ್ಗಿಸಿದ ಲಾಗ್ ಫೈಲುಗಳಿವೆ. ಪ್ರತಿ ಸಾಲನ್ನೂ ರೆಜೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಹಾಕಿ ಒಡೆದು, ಯಾವ ಎರರ್ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು. ಸಾದಾ ಫಾರ್ ಲೂಪ್‌ನಲ್ಲಿ ಓಡಿಸಿದರೆ ಪ್ರೊಸೆಸರ್‌ನ ಎಂಟು ಕೋರ್‌ಗಳಲ್ಲಿ ಏಳು ಸುಮ್ನೆ ಕೂತಿರುತ್ತವೆ. ಹಾಗಾಗಿ ಇದನ್ನೇ ಬೇರೆ ಬೇರೆ ದಾರಿಗಳಲ್ಲಿ ಓಡಿಸಿ ನೋಡಿದೆ.

ಥ್ರೆಡ್‌ಗಳ (ಒಂದೇ ಪ್ರೋಗ್ರಾಮ್‌ನೊಳಗೆ ಜೊತೆಜೊತೆಗೆ ಓಡುವ ಎಳೆಗಳ) ಮಾತು ಮೊದಲೇ ಮುಗಿಸಿಬಿಡೋಣ. ಮಾಮೂಲಿ ಪೈಥಾನ್‌ನಲ್ಲಿ ಜಿಐಎಲ್ ಅನ್ನೋ ಬೀಗ ಇದೆ. ಒಂದು ಹೊತ್ತಿಗೆ ಒಂದು ಥ್ರೆಡ್ ಮಾತ್ರ ಪೈಥಾನ್ ಕೋಡ್ ಓಡಿಸಬಹುದು. ನೆಟ್‌ವರ್ಕ್‌ಗೆ ಕಾಯೋ ಕೆಲಸಕ್ಕೆ ಥ್ರೆಡ್ ಚೆನ್ನಾಗಿದೆ, ಆದರೆ ರೆಜೆಕ್ಸ್ ಈ ಬೀಗ ಬಿಡುವುದೇ ಇಲ್ಲ. ಎಂಟು ಥ್ರೆಡ್ ಹಾಕಿದರೂ ಹೆಚ್ಚುಕಡಿಮೆ ಒಂದಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯಿತು. ಜಿಐಎಲ್ ಇಲ್ಲದ ಪೈಥಾನ್ 2024ರಲ್ಲಿ 3.13ರ ಜೊತೆ ಪ್ರಯೋಗಕ್ಕೆ ಅಂತ ಬಂತು, 3.14ರಲ್ಲಿ ಅಧಿಕೃತ ಬೆಂಬಲವೂ ಸಿಕ್ಕಿತು. ಆದರೆ ಅದಕ್ಕೆ ಒಗ್ಗದ ಸಿ ಭಾಷೆಯಲ್ಲಿ ಬರೆದ ಒಂದೇ ಒಂದು ಮಾಡ್ಯೂಲ್ ಇಂಪೋರ್ಟ್ ಮಾಡಿದರೂ ಬೀಗ ಮತ್ತೆ ಬೀಳುತ್ತದೆ. ಸದ್ಯಕ್ಕೆ ಪ್ರೊಸೆಸ್‌ಗಳೇ, ಅಂದರೆ ಬೇರೆ ಬೇರೆಯಾಗಿ ಓಡುವ ಪೈಥಾನ್‌ಗಳೇ, ಗತಿ.

ಪ್ರೊಸೆಸ್ ಅಂದರೆ ಎರಡು ಹೆಸರು ಮುಂದೆ ಬರುತ್ತವೆ, ಎರಡೂ ಪ್ರೊಸೆಸ್‌ಗಳ ಗುಂಪು ಕಟ್ಟಿ ಕೆಲಸ ಹಂಚುವಂಥವು. ಮಲ್ಟಿಪ್ರೊಸೆಸಿಂಗ್‌ನ ಪೂಲ್ ಹಳೆಯದು, 2008ರಲ್ಲಿ ಪೈಥಾನ್ 2.6ರ ಜೊತೆ ಬಂದದ್ದು. ಕನ್‌ಕರೆಂಟ್ ಫ್ಯೂಚರ್ಸ್‌ನ ಪ್ರೊಸೆಸ್ ಪೂಲ್ ಎಕ್ಸಿಕ್ಯೂಟರ್ 2011ರದು. ವೇಗದಲ್ಲಿ ಯಾವುದು ಮುಂದೆ ಅಂತ ಜನ ಜಗಳ ಆಡ್ತಾರಲ್ಲ, ನನ್ನ ಲಾಗ್ ಕೆಲಸದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಮುಗಿದವು. ನಿಜವಾದ ವ್ಯತ್ಯಾಸ ಬಂದದ್ದು ವರ್ಕರ್‌ಗೆ (ಗುಂಪಿನಲ್ಲಿ ಕೆಲಸ ಮಾಡುವ ಪ್ರೊಸೆಸ್‌ಗೆ) ಏನನ್ನು ಕಳಿಸುತ್ತೇವೆ ಅನ್ನೋದರಿಂದ. ಮೇನ್ ಪ್ರೊಸೆಸ್ಸೇ ಫೈಲ್ ಓದಿ ಸಾಲುಗಳ ಲಿಸ್ಟ್ ಕಳಿಸಿದಾಗ ಅದೊಂದೇ ನೂರು ಪರ್ಸೆಂಟ್ ಉರಿಯುತ್ತಿತ್ತು, ವರ್ಕರ್‌ಗಳು ಬಾಯಿ ಬಿಟ್ಟು ಕಾಯುತ್ತಿದ್ದವು. ಕಳಿಸುವ ಪ್ರತಿಯೊಂದನ್ನೂ ಪಿಕಲ್ ಮಾಡಿ (ಬೈಟ್‌ಗಳಾಗಿ ಕಟ್ಟಿ), ಪೈಪ್‌ನಲ್ಲಿ ತಳ್ಳಿ, ಆ ಕಡೆ ಬಿಚ್ಚಬೇಕಲ್ಲ. ಬರೀ ಫೈಲಿನ ಹೆಸರು ಕಳಿಸಿ ಪುಟ್ಟ ಕೌಂಟರ್ ಒಂದನ್ನು ವಾಪಸ್ ತರಿಸಿದ ಮೇಲೆ ಎಂಟೂ ಕೋರ್ ಎದ್ದು ಕೂತವು.

ಸಣ್ಣ ಸಣ್ಣ ಕೆಲಸಗಳಿದ್ದರೆ ಮಾತ್ರ ಪೂಲ್ ಮುಂದೆ. ಒಂದೊಂದು ಸಾಲನ್ನೇ ಒಂದೊಂದು ಟಾಸ್ಕ್ ಮಾಡಿ, 1 ಲಕ್ಷ ಟಾಸ್ಕ್ ಕೊಟ್ಟು ನೋಡಿದೆ. ಪೂಲ್‌ನ ಮ್ಯಾಪ್ (ಒಂದೇ ಫಂಕ್ಷನ್ ಅನ್ನು ಎಲ್ಲ ಟಾಸ್ಕ್‌ಗೂ ಓಡಿಸುವ ಕರೆ) ಇದನ್ನು ತಾನೇ ಕಂತೆ ಕಟ್ಟುತ್ತದೆ: ಪ್ರತಿ ವರ್ಕರ್‌ಗೆ ಸುಮಾರು ನಾಲ್ಕು ಕಂತೆ ಅನ್ನೋ ಲೆಕ್ಕ, ಎಂಟು ವರ್ಕರ್ ಇದ್ದರೆ ಕಂತೆಗೆ 3,125 ಸಾಲು. ಎಕ್ಸಿಕ್ಯೂಟರ್‌ನ ಮ್ಯಾಪ್‌ನಲ್ಲಿ ಚಂಕ್‌ಸೈಜ್ (ಕಂತೆಯ ಗಾತ್ರ) ನಾವು ಹೇಳದಿದ್ದರೆ 1. ಅಂದರೆ ಲಕ್ಷ ಸಲ ಹೋಗಿ ಬಂದು ಮಾಡಬೇಕು. ಅದು ಫಾರ್ ಲೂಪ್‌ಗಿಂತಲೂ ನಿಧಾನವಾಯಿತು! ಚಂಕ್‌ಸೈಜ್ ಸಾವಿರಕ್ಕೆ ಏರಿಸಿದ ಕೂಡಲೇ ಸರಿಹೋಯಿತು ಅನ್ನಿ. ಆದರೂ ಇಂಥದ್ದನ್ನು ನೆನಪಿಟ್ಟುಕೊಂಡು ಕೊಡಬೇಕಾಗಿರೋದು ಸ್ವಲ್ಪ ಕಿರಿಕಿರಿಯೇ.

ಹಾಗಿದ್ದೂ ನನ್ನ ಓಟು ಎಕ್ಸಿಕ್ಯೂಟರ್‌ಗೆ. ಕಾರಣ ವೇಗವಲ್ಲ, ಕೆಟ್ಟಾಗ ಅದು ನಡೆದುಕೊಳ್ಳುವ ರೀತಿ. ಬೇಕಂತಲೇ ಒಂದು ಫೈಲ್ ಬಂದಾಗ ವರ್ಕರ್ ತನ್ನನ್ನೇ ತಾನು ಸಿಗ್ನಲ್ 9 ಕೊಟ್ಟು ಕೊಂದುಕೊಳ್ಳುವ ಹಾಗೆ ಬರೆದೆ. ಮೆಮೊರಿ ಸಾಲದೇ ಹೋದಾಗ ಲಿನಕ್ಸ್ ಮಾಡುವುದೂ ಇದನ್ನೇ. ಎಕ್ಸಿಕ್ಯೂಟರ್ ಕೂಡಲೇ ಬ್ರೋಕನ್ ಪ್ರೊಸೆಸ್ ಪೂಲ್ ಅಂತ ಎಕ್ಸೆಪ್ಷನ್ ಎಸೆದು ನಿಂತಿತು. ಬಾಕಿ ಇದ್ದ ಟಾಸ್ಕ್‌ಗಳೂ ಹೋದವು, ಯಾವ ಫೈಲ್ ಕೊಂದಿತು ಅಂತಲೂ ಹೇಳಲಿಲ್ಲ. ಆದರೆ ಕೆಟ್ಟಿದೆ ಅಂತಲಾದರೂ ಗೊತ್ತಾಯಿತು. ಪೂಲ್? ಸತ್ತ ವರ್ಕರ್ ಜಾಗಕ್ಕೆ ಸದ್ದಿಲ್ಲದೆ ಹೊಸಬನನ್ನು ತಂದು ಕೂರಿಸಿತು. ಸತ್ತವನ ಕೈಲಿದ್ದ ಟಾಸ್ಕ್ ಮಾತ್ರ ಮಾಯ. ಆ ಉತ್ತರಕ್ಕೆ ಮ್ಯಾಪ್ ಕಾಯುತ್ತಲೇ ಇತ್ತು. ಯಾವ ಪ್ರೊಸೆಸ್ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಎಚ್‌ಟಾಪ್ ತೆರೆದರೆ ಎಲ್ಲ ವರ್ಕರ್‌ಗಳೂ ಜೀವಂತ, ಎಲ್ಲವೂ ಸೊನ್ನೆ ಪರ್ಸೆಂಟ್. ರಾತ್ರಿ ಓಡಲಿ ಅಂತ ಬಿಟ್ಟು ಹೋಗುವ ಸ್ಕ್ರಿಪ್ಟ್‌ಗೆ ಇದಕ್ಕಿಂತ ಕೆಟ್ಟ ಗುಣ ಇನ್ನೊಂದಿಲ್ಲ.

ಮುಗಿದಷ್ಟನ್ನು ಮುಗಿದ ಹಾಗೇ ಎತ್ತಿಕೊಳ್ಳಲು ಪೂಲ್‌ನಲ್ಲಿ ಐಮ್ಯಾಪ್ ಅನ್‌ಆರ್ಡರ್ಡ್ ಇದೆ, ಎಕ್ಸಿಕ್ಯೂಟರ್‌ನಲ್ಲಿ ಆಸ್ ಕಂಪ್ಲೀಟೆಡ್ ಇದೆ. ಮೊದಲನೆಯದು ಬರೆಯಲು ಸುಲಭ. ಎರಡನೆಯದರಲ್ಲಿ ಫ್ಯೂಚರ್‌ಗೆ (ಮುಂದೆ ಬರಲಿರುವ ಉತ್ತರದ ಚೀಟಿಗೆ) ಎದುರಾಗಿ ಫೈಲ್ ಹೆಸರನ್ನು ಡಿಕ್ಷನರಿಯಲ್ಲಿ ಇಟ್ಟುಕೊಂಡರೆ, ಮಾಮೂಲಿ ಎರರ್ ಬಂದಾಗ ಯಾವ ಫೈಲಿನದು ಅಂತ ನೇರವಾಗಿ ಸಿಗುತ್ತದೆ.

ಇದೇ ಥರದ ಲೈಬ್ರರಿ ಜಾಬ್‌ಲಿಬ್ ಅನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕು. ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಕೊಟ್ಟರೂ ತೆಗೆದುಕೊಳ್ಳುತ್ತದೆ, ಮೇಲಿನ ಎರಡೂ ತೆಗೆದುಕೊಳ್ಳುವುದಿಲ್ಲ. ಕಂತೆ ಕಟ್ಟೋದನ್ನೂ ತಾನೇ ನೋಡಿಕೊಳ್ಳುತ್ತದೆ. 1 ಎಂಬಿಗಿಂತ ದೊಡ್ಡ ನಂಪೈ ಅರೇಗಳನ್ನು (ಅಂಕಿಗಳ ದೊಡ್ಡ ಪಟ್ಟಿಗಳನ್ನು) ಪಿಕಲ್ ಮಾಡದೆ ಮೆಮೊರಿ ಮ್ಯಾಪ್ ಮಾಡಿ ಹಂಚುತ್ತದೆ. ನಂಪೈ ಕೆಲಸ ಜಾಸ್ತಿ ಇದ್ದರೆ ಇದೇ ಸರಿ. ನನ್ನ ಲಾಗ್ ಫೈಲ್‌ಗೆ ಇಷ್ಟೆಲ್ಲ ಬೇಕಿರಲಿಲ್ಲ.

ಇನ್ನು ಟರ್ಮಿನಲ್‌ನ ಕಮಾಂಡ್ ಎಕ್ಸ್‌ಆರ್ಗ್ಸ್. ಸ್ಕ್ರಿಪ್ಟ್ ಒಂದು ಫೈಲ್ ತೆಗೆದುಕೊಳ್ಳುವ ಹಾಗಿರಲಿ, ಎಂಟೆಂಟನ್ನು ಒಟ್ಟಿಗೆ ಓಡಿಸೋದನ್ನು ಅದೇ ನೋಡಿಕೊಳ್ಳುತ್ತದೆ. ಪಿಕಲ್ ಇಲ್ಲ, ಪೂಲ್ ಇಲ್ಲ, ತಲೆನೋವೂ ಇಲ್ಲ. ಆದರೆ ಫೈಲಿಗೊಂದು ಸಲ ಪೈಥಾನ್ ಹೊಸದಾಗಿ ಏಳಬೇಕು. ಪಾಂಡಾಸ್‌ನಂಥ ದೊಡ್ಡ ಲೈಬ್ರರಿ ಇಂಪೋರ್ಟ್ ಆಗಬೇಕಿದ್ದರೆ ಪುಟ್ಟ ಫೈಲುಗಳಲ್ಲಿ ಕೆಲಸಕ್ಕಿಂತ ಇಂಪೋರ್ಟ್‌ಗೇ ಜಾಸ್ತಿ ಹೊತ್ತು ಹೋಗುತ್ತದೆ. ಲೆಕ್ಕ ಕೂಡಿಸೋದೂ ನಮ್ಮ ತಲೆಗೆ. ಒಂದೇ ಸಲದ ಕೆಲಸಕ್ಕೆ ಈಗಲೂ ನಾನು ಇದನ್ನೇ ಬಳಸುತ್ತೇನೆ.

ಯಾವುದನ್ನೇ ಆರಿಸಿ, ಬೇರೆಯವರ ಮಷೀನ್‌ನಲ್ಲೂ ಓಡಬೇಕಾದರೆ if __name__ == "__main__": ಅನ್ನೋ ಮೇನ್ ಗಾರ್ಡ್ ಹಾಕದೆ ಪೂಲ್ ಅಥವಾ ಎಕ್ಸಿಕ್ಯೂಟರ್ ಶುರು ಮಾಡಬೇಡಿ. ವರ್ಕರ್‌ಗಳನ್ನು ಹುಟ್ಟಿಸಲು ಲಿನಕ್ಸ್‌ನಲ್ಲಿ ಇಷ್ಟು ವರ್ಷ ಫೋರ್ಕ್ (ಓಡುತ್ತಿರುವ ಪ್ರೊಸೆಸ್‌ನ ನಕಲು) ಇತ್ತು, ಮೊದಲೇ ಲೋಡ್ ಮಾಡಿದ ಡಿಕ್ಷನರಿ ವರ್ಕರ್‌ಗೆ ಪುಕ್ಕಟೆ ಸಿಗುತ್ತಿತ್ತು. ವಿಂಡೋಸ್‌ನಲ್ಲಿ ಮೊದಲಿಂದಲೂ, ಮ್ಯಾಕ್‌ನಲ್ಲಿ 3.8ರಿಂದ, ಸ್ಪಾನ್ (ಹೊಸ ಪೈಥಾನ್ ಅನ್ನು ಮೊದಲಿಂದ ಎಬ್ಬಿಸೋದು) ಇದೆ. 3.14ರಿಂದ ಲಿನಕ್ಸ್‌ನಲ್ಲೂ ಮಾಮೂಲಿಯಾಗಿ ಫೋರ್ಕ್ ಸರ್ವರ್ ಬಂದಿದೆ, ಅಲ್ಲೂ ಆ ಡಿಕ್ಷನರಿ ಪುಕ್ಕಟೆ ಸಿಗುವುದಿಲ್ಲ. ಹಾಗಾಗಿ ಅದನ್ನು ಇನಿಶಿಯಲೈಸರ್ ಫಂಕ್ಷನ್‌ನಲ್ಲಿ (ಪ್ರತಿ ವರ್ಕರ್ ಶುರುವಾದಾಗ ಒಮ್ಮೆ ಓಡುವ ಫಂಕ್ಷನ್‌ನಲ್ಲಿ) ಲೋಡ್ ಮಾಡಿಸಿ. ಪೂಲ್‌ನಲ್ಲೂ ಎಕ್ಸಿಕ್ಯೂಟರ್‌ನಲ್ಲೂ ಆ ಸೌಲಭ್ಯ ಇದೆ.