ಹಳೆಯ ಸೌಂಡ್ ಕಾರ್ಡ್ ಕೊಳ್ಳುವ ಮೊದಲು ಪ್ಲಗಿನ್ ಯಾರ ಹೆಸರಲ್ಲಿ ಉಂಟು ಅಂತ ನೋಡಿ

ಚೌತಿ ಹತ್ತಿರ ಬಂದರೆ ನಮ್ಮ ಮಂಗಳೂರು, ಉಡುಪಿ ಕಡೆ ಭಜನೆ ಹಾಡುಗಳ ರೆಕಾರ್ಡಿಂಗ್ ಜೋರು. ಮೈಕ್‌ನ ಧ್ವನಿಯನ್ನು ಕಂಪ್ಯೂಟರ್‌ಗೆ ಒಯ್ಯುವ ಹಳೆಯ ಸೌಂಡ್ ಕಾರ್ಡ್‌ಗಳನ್ನು ವಾಟ್ಸಾಪ್ ಗ್ರೂಪ್‌ಗಳಲ್ಲಿ ಮಾರುವವರೂ ಆಗ ಜಾಸ್ತಿ. ಫೋಟೋದ ಕೆಳಗೆ "ಎಲ್ಲ ಪ್ಲಗಿನ್ ಸಮೇತ", ಅಂದರೆ ಧ್ವನಿ ತಿದ್ದುವ ಸಣ್ಣ ಸಾಫ್ಟ್‌ವೇರ್‌ಗಳೂ ಸೇರಿ, ಅಂತ ಬರೆದಿದ್ದರೆ ಹಣ ಕೊಡುವ ಮೊದಲು ಇದನ್ನು ಓದಿ. ನನಗೆ ಹೋದದ್ದು ಸಣ್ಣ ಮೊತ್ತ ಅಲ್ಲ.

ನಾನು ತಗೊಂಡದ್ದು ಮಾಮೂಲಿ ಕಾರ್ಡ್ ಅಲ್ಲ, ಒಳಗೆ ಡಿಎಸ್‌ಪಿ ಚಿಪ್, ಅಂದರೆ ಧ್ವನಿ ಸಂಸ್ಕರಿಸಲೆಂದೇ ಇರುವ ಚಿಪ್, ಇರುವಂಥದ್ದು. ಇಂಥ ಕಾರ್ಡ್‌ಗಳಲ್ಲಿ ಕಂಪ್ರೆಸರ್ (ಧ್ವನಿಯ ಏರಿಳಿತ ಹದ ಮಾಡುವುದು), ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಗುಂಗು) ಎಲ್ಲ ಕಂಪ್ಯೂಟರ್ ಮೇಲೆ ಭಾರ ಹಾಕದೆ ಕಾರ್ಡ್‌ನ ಚಿಪ್‌ನಲ್ಲೇ ಓಡುತ್ತವೆ. ಹಾಗಾಗಿ ಹಾಡುವವರ ಹೆಡ್‌ಫೋನ್‌ಗೆ ರಿವರ್ಬ್ ಸೇರಿದ ಧ್ವನಿ ಹೆಚ್ಚುಕಮ್ಮಿ ತಡವೇ ಇಲ್ಲದೆ ಹೋಗುತ್ತದೆ. ಯಕ್ಷಗಾನದ ಪದ ರೆಕಾರ್ಡ್ ಮಾಡಿದವರಿಗೆ ಇದರ ಬೆಲೆ ಗೊತ್ತು. ಭಾಗವತರು ಪದ ಎತ್ತಿರುತ್ತಾರೆ, ಕಿವಿಯಲ್ಲಿ ಮದ್ದಳೆ, ಚೆಂಡೆ ಎರಡೂ ಇರುತ್ತದೆ. ಅವರ ಧ್ವನಿ ಅವರಿಗೇ 10-15 ಮಿಲಿಸೆಕೆಂಡ್ ಹಿಂದೆ ಕೇಳಿಸಿದರೂ ಹಾಡು ನಿಲ್ಲಿಸಿ "ಎಂತದೋ ಸರಿ ಇಲ್ಲ ಮಾರಾಯ್ರೆ, ತಾಳ ಎಳೀತದೆ" ಅನ್ನುತ್ತಾರೆ. ಅದಕ್ಕಾಗಿಯೇ ನನಗೆ ಈ ಕಾರ್ಡ್ ಬೇಕಿತ್ತು.

ಉಡುಪಿಯಲ್ಲಿ ಒಬ್ಬರು ಮನೆಯ ಸ್ಟುಡಿಯೋ ಮುಚ್ಚುತ್ತಿದ್ದರು. ಹೊಸ ಕಾರ್ಡ್‌ಗೆ ಲಕ್ಷದ ಮೇಲೆ. ಇವರು ಹೇಳಿದ್ದು 65 ಸಾವಿರ, ಜತೆಗೆ ಇಪ್ಪತ್ತಕ್ಕೂ ಹೆಚ್ಚು ಪ್ಲಗಿನ್. ಹೋಗಿ ಕೂತೆ. ಅವರ ಕಂಪ್ಯೂಟರ್‌ನಲ್ಲಿ ಒಂದೊಂದೇ ತೆರೆದು ತೋರಿಸಿದರು. ಎಲ್ಲವೂ ಓಡಿತು. "ಲೈಸೆನ್ಸ್ ಎಲ್ಲ ಕಾರ್ಡ್ ಒಳಗೇ ಉಂಟು ಮಾರಾಯ್ರೆ, ನೀವು ಸುಮ್ನೆ ಸಿಕ್ಕಿಸಿದ್ರೆ ಆಯ್ತು" ಅಂದರು.

ಕಾರ್ಡ್ ಒಳಗೆ ಇರುವುದು ಅದರದ್ದೇ ಒಂದು ಗುರುತಿನ ಸಂಖ್ಯೆ ಮಾತ್ರ. ಯಾವ ಪ್ಲಗಿನ್ ಓಡಬಹುದು ಅಂತ ತೀರ್ಮಾನ ಆಗುವುದು ಕಂಪನಿಯ ಸರ್ವರ್‌ನಲ್ಲಿ, ಆ ಸಂಖ್ಯೆ ಯಾರ ಖಾತೆಯಲ್ಲಿ ನೋಂದಣಿ ಆಗಿದೆ ಅನ್ನುವುದರ ಮೇಲೆ. ಮಾರುವವರ ಕಂಪ್ಯೂಟರ್‌ನಲ್ಲಿ ಹಿಂದೆ ಇಳಿಸಿಟ್ಟ ಅನುಮತಿ ಫೈಲ್ ಇರುತ್ತದೆ. ಅದಕ್ಕೇ ಅಲ್ಲಿ ಎಲ್ಲ ತೆರೆಯುತ್ತದೆ. ಬೈಕ್ ಕೈಗೆ ಬಂದರೂ ಆರ್‌ಸಿ ಹಳೆಯ ಮಾಲೀಕರ ಹೆಸರಲ್ಲೇ ಉಳಿದ ಹಾಗೆ ಇದು.

ಮಂಗಳೂರಿಗೆ ತಂದು ನನ್ನ ಕಂಪ್ಯೂಟರ್‌ಗೆ ಸಿಕ್ಕಿಸಿದೆ. ಇಲ್ಲಿಯೂ ಪ್ಲಗಿನ್‌ಗಳು ತೆರೆದುಕೊಂಡವು! ಮೋಸ ಗೊತ್ತಾಗದೆ ಇರುವುದೇ ಇಲ್ಲಿ. ಇಂಥ ಕಂಪನಿಗಳು ಪ್ರತಿ ಪ್ಲಗಿನ್‌ಗೂ ಡೆಮೊ ಅವಧಿ ಕೊಡುತ್ತವೆ, ಇದರಲ್ಲಿ ಎರಡು ವಾರ. ಡೆಮೊದಲ್ಲಿ ಶಬ್ದ ಕಡಿಮೆ ಆಗುವುದಿಲ್ಲ, ನಡುವೆ ಬೀಪ್ ಬರುವುದಿಲ್ಲ, ಅಸಲಿಗೂ ಅದಕ್ಕೂ ಕಿವಿಗೆ ವ್ಯತ್ಯಾಸವೇ ಇಲ್ಲ. ಭಜನೆಯ ಕೆಲಸ ಅದರಲ್ಲೇ ನಡೆಯಿತು. ಒಂದು ಬೆಳಿಗ್ಗೆ ಅದೇ ಪ್ರಾಜೆಕ್ಟ್ ತೆರೆದರೆ ಧ್ವನಿ ಒಣಗಿ ಹೋಗಿದೆ, ರಿವರ್ಬ್ ಇಲ್ಲ, ತಬಲಾದ ಎಡಗೈಯ ಡಗ್ಗಾ ಮಾತ್ರ ಗುದ್ದುತ್ತಿದೆ. ಪ್ಲಗಿನ್ ಕಿಟಕಿಯ ಮೇಲೆ "ಡೆಮೊ ಮುಗಿದಿದೆ" ಅಂತ ಒಂದು ಸಾಲು, ಪಕ್ಕದಲ್ಲಿ ಕೊಳ್ಳಲು ಗುಂಡಿ. ಕಾರ್ಡ್ ನೋಂದಾಯಿಸಲು ಹೋದರೆ, ಇದು ಬೇರೆ ಖಾತೆಯಲ್ಲಿದೆ ಎಂಬ ಉತ್ತರ.

ಫೋನ್ ಮಾಡಿದಾಗ ಒಂದೊಂದೇ ಹೊರಗೆ ಬಂತು. ಮಾರಿದವರು ಮೊದಲ ಮಾಲೀಕರೇ ಅಲ್ಲ. ಅವರು ಅದನ್ನು ಇನ್ನೊಬ್ಬರಿಂದ ಕಂಪ್ಯೂಟರ್ ಸಮೇತ ತಗೊಂಡಿದ್ದರು, ಹೆಸರು ಬದಲಾಯಿಸಿಯೇ ಇರಲಿಲ್ಲ. ಮೊದಲ ಮಾಲೀಕರು ಈಗ ದೋಹಾದಲ್ಲಿ. ಕಂಪನಿಗೆ ಬರೆದೆ. ಉತ್ತರ ಸ್ಪಷ್ಟ ಇತ್ತು: ವರ್ಗಾವಣೆಯ ಕೋರಿಕೆ ನೋಂದಾಯಿತ ಖಾತೆಯಿಂದಲೇ ಬರಬೇಕು. ನನ್ನ ಹತ್ತಿರ ಇದ್ದ ಬಿಲ್ಲಿನ ಫೋಟೋ, ಗೂಗಲ್ ಪೇ ರಸೀದಿ ಯಾವುದೂ ಅಲ್ಲಿ ನಡೆಯುವುದಿಲ್ಲ. ನಿಜ ಹೇಳಬೇಕಾದರೆ ಈ ನಿಯಮ ಇರುವುದೇ ಸರಿ. ಇಲ್ಲದಿದ್ದರೆ ಕದ್ದ ಕಾರ್ಡಿನ ಲೈಸೆನ್ಸನ್ನೂ ಯಾರು ಬೇಕಾದರೂ ತಮ್ಮ ಹೆಸರಿಗೆ ಮಾಡಿಕೊಳ್ಳಬಹುದಲ್ವಾ?

ದೋಹಾದವರು ಪಾಪ ಒಳ್ಳೆಯವರು. ಹಳೆಯ ಇಮೇಲ್‌ನ ಪಾಸ್‌ವರ್ಡ್ ಹುಡುಕಿ ಖಾತೆ ತೆರೆದರು. ಆದರೆ ಅದೇ ಖಾತೆಯಲ್ಲಿ ಅವರ ಇನ್ನೊಂದು ಕಾರ್ಡ್ ಇದೆ. ದುಡ್ಡು ಕೊಟ್ಟು ತಗೊಂಡ ಪ್ಲಗಿನ್‌ಗಳನ್ನು ಅವರು ಅದರಲ್ಲಿ ಇವತ್ತಿಗೂ ಬಳಸುತ್ತಿದ್ದಾರೆ. ಅವನ್ನು ನನಗೆ ಯಾಕೆ ಕೊಡುತ್ತಾರೆ? ಕೊನೆಗೆ ನನ್ನ ಹೆಸರಿಗೆ ಬಂದದ್ದು ಕಾರ್ಡ್ ಮತ್ತು ಅದರ ಪೆಟ್ಟಿಗೆಯೊಂದಿಗೆ ಮೊದಲೇ ಬಂದಿದ್ದ ನಾಲ್ಕಾರು ಪ್ಲಗಿನ್. ಉಡುಪಿಯವರಿಗೆ ಹೇಳಿದರೆ "ನಾನು ಕೊಟ್ಟದ್ದು ಕಾರ್ಡ್, ಅದು ಸರಿ ಉಂಟಲ್ಲ?" ಅಂತ ಮಾತು ಮುಗಿಸಿದರು. ಹಣ ವಾಪಸ್ ಬರಲಿಲ್ಲ.

ಇಂಥ ಕಾರ್ಡ್ ನೋಡಲು ಹೋಗುವವರು ನಿಮ್ಮದೇ ಲ್ಯಾಪ್‌ಟಾಪ್ ಒಯ್ದರೂ ಪ್ಲಗಿನ್ ತೆರೆದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ, ಡೆಮೊ ಇದೆಯಲ್ಲ. ಮಾರುವವರು ಕಂಪನಿಯ ವೆಬ್‌ಸೈಟ್‌ನಲ್ಲಿ ತಮ್ಮ ಖಾತೆ ನಿಮ್ಮ ಎದುರೇ ತೆರೆಯಲಿ. ಅಲ್ಲಿ ಕಾಣುವ ಸೀರಿಯಲ್ ನಂಬರ್ ಕಾರ್ಡ್‌ನ ಮೈಮೇಲಿನ ನಂಬರ್‌ಗೆ ಹೊಂದಬೇಕು. ಖಾತೆಯಲ್ಲಿ ಬೇರೆ ಕಾರ್ಡ್ ಇದೆಯಾ ಕೇಳಿ. ಇದ್ದರೆ ಯಾವ ಪ್ಲಗಿನ್ ನಿಮಗೆ ಬರುತ್ತದೆ ಅಂತ ಹೆಸರು ಹಿಡಿದು ಬರೆಸಿಕೊಳ್ಳಿ. ವರ್ಗಾವಣೆಯ ಕೋರಿಕೆ ಅವರೇ ಕಳಿಸಲಿ, ನೀವು ಮುಂಗಡ ಮಾತ್ರ ಕೊಡಿ. ನಿಮ್ಮ ಖಾತೆಯಲ್ಲಿ ಕಾರ್ಡ್ ಕಂಡ ಮೇಲೆ ಬಾಕಿ. ಇದಕ್ಕೆ ಒಪ್ಪದವರ ಹತ್ತಿರ ಚೌಕಾಸಿಯೂ ಬೇಡ, ಎದ್ದು ಬನ್ನಿ.

ಈಗಾಗಲೇ ನನ್ನ ಹಾಗೆ ಸಿಕ್ಕಿಬಿದ್ದವರು ಡೆಮೊ ಮುಗಿಯುವ ಮೊದಲು ಎಲ್ಲ ಟ್ರ್ಯಾಕ್‌ಗಳನ್ನೂ ಎಫೆಕ್ಟ್ ಸಮೇತ ಬೌನ್ಸ್ ಮಾಡಿ, ಅಂದರೆ ಆಡಿಯೋ ಫೈಲ್ ಆಗಿ ಉಳಿಸಿ ಇಟ್ಟುಕೊಳ್ಳಿ. ಮಿಕ್ಸ್ ಆದರೂ ಉಳಿಯುತ್ತದೆ.

ತಮ್ಮದೇ ಹಳೆಯ ಕಾರ್ಡ್‌ನಿಂದ ಅದೇ ಕಂಪನಿಯ ಹೊಸ ಕಾರ್ಡ್‌ಗೆ ಹೋಗುವವರಿಗೆ ಇಷ್ಟು ತಲೆಬಿಸಿ ಇಲ್ಲ. ಹೊಸದನ್ನು ಅದೇ ಖಾತೆಗೆ ಸೇರಿಸಿ, ಅನುಮತಿ ಫೈಲ್ ಮತ್ತೆ ಇಳಿಸಿ, ಪ್ಲಗಿನ್‌ಗಳ ಪಕ್ಕ ಡೆಮೊ ಅಂತ ಇಲ್ಲ ಅನ್ನುವುದನ್ನು ನೋಡಿದ ಮೇಲೆಯೇ ಹಳೆಯದನ್ನು ಮಾರಿ. ಹಾಗೆಯೇ ಚಿಪ್ ಮೇಲೆ ಓಡುವ ಪ್ಲಗಿನ್‌ನ ಲೈಸೆನ್ಸ್ ಇದ್ದ ಮಾತ್ರಕ್ಕೆ ಅದೇ ಹೆಸರಿನ ಕಂಪ್ಯೂಟರ್ ಆವೃತ್ತಿ ಬಿಟ್ಟಿ ಸಿಗುತ್ತದೆ ಅಂತಲೂ ಲೆಕ್ಕ ಹಾಕಬೇಡಿ. ನನ್ನನ್ನು ಕೇಳಿದರೆ, ಹೆಡ್‌ಫೋನ್ ತಡದ ಸಮಸ್ಯೆ ಇಲ್ಲದವರು ಸಾದಾ ಕಾರ್ಡ್ ತಗೊಂಡು ಕಂಪ್ಯೂಟರ್‌ನಲ್ಲೇ ಓಡುವ ಪ್ಲಗಿನ್ ಇಟ್ಟುಕೊಳ್ಳುವುದು ಲೇಸು.

ಡಾಂಗಲ್, ಅಂದರೆ ಸಾಫ್ಟ್‌ವೇರ್ ಲೈಸೆನ್ಸ್ ಹಿಡಿದಿಡುವ ಯುಎಸ್‌ಬಿ ಕೀಲಿ, ಕೊಳ್ಳುವವರಿಗೂ ಒಂದು ಮಾತು. ಹಲವು ಪ್ಲಗಿನ್ ಕಂಪನಿಗಳು ಬಳಸುವ ಐಲಾಕ್‌ನ ಯುಎಸ್‌ಬಿ ಕಡ್ಡಿ ಕೈಗೆ ಬಂದರೆ ಲೈಸೆನ್ಸ್ ನಿಮ್ಮದಾಗುವುದಿಲ್ಲ, ಅದಕ್ಕೂ ಖಾತೆಯಿಂದ ಖಾತೆಗೆ ವರ್ಗಾವಣೆ ಬೇಕು. ಪ್ಲಗಿನ್ ಕಂಪನಿ ಒಪ್ಪದಿದ್ದರೆ ಅದೂ ಇಲ್ಲ. ಇನ್ನು ಹಳೆಯ ಕ್ಯೂಬೇಸ್ (ಸ್ಟೈನ್‌ಬರ್ಗ್ ಕಂಪನಿಯ ರೆಕಾರ್ಡಿಂಗ್ ಸಾಫ್ಟ್‌ವೇರ್) ಲೈಸೆನ್ಸ್ ಇರುವ ಇಲೈಸೆನ್ಸರ್ ಡಾಂಗಲ್‌ಗಳು. ಸ್ಟೈನ್‌ಬರ್ಗ್ ಅದರ ಸರ್ವರ್ ಸೇವೆಯನ್ನು 2025ರ ಮೇ 20ಕ್ಕೆ ನಿಲ್ಲಿಸಿದೆ. ಯಾರಾದರೂ "ಅಪ್‌ಗ್ರೇಡ್ ಮಾಡ್ಕೊಳ್ಬಹುದು" ಅಂತ ಅದನ್ನು ಮಾರಲು ಬಂದರೆ ನಂಬಬೇಡಿ.